ಹಣೇಬರವೂ ಕೈಬರಹವೂ

ಮೊನ್ನೆ ನಮ್ಮ ವಾರಗಿತ್ತಿ ಮಗಳು ಫೋನ್ ಮಾಡಿದ್ಲು. ತುಮಕೂರಲ್ಲಿ ಒಂದು ಹಳೇ ಮನೆ ನೋಡಿದಾರಂತೆ. "ದೊಡ್ಡಮ್ಮ, ಬಾಗಿಲು ಪೂರ್ವಕ್ಕೈತೆ, ನೀರು ಚೆನ್ನಾಗೈತೆ, ರೇಟೂ ಹೊಂದುತ್ತೆ. ಆ ಮನೆ ಋಣ ನಮಗಿದ್ರೆ ಆಗುತ್ತೆ ಬಿಡು" ಅಂದ್ಲು. "ಋಣ ಆಮೇಲೆ ನೋಡಾನ, ಮಾರೋರಿಗೆ ಅಕ್ಕತಂಗೀರು ಎಷ್ಟು ಜನ?" ಅಂದೆ. ಆ ಕಡೆಯಿಂದ ಮಾತೇ ಇಲ್ಲ.

ಹಂಗೆ ಯಾಕೆ ಕೇಳಿದೆ ಅನ್ನೋದಕ್ಕೆ ನನ್ನವೇ ಎರಡು ಕಥೆ ಅವೆ. ಒಂದು ಮನೆ ಮಾರಿದ್ದು, ಒಂದು ಮನೆ ಕೊಳ್ಳೋಕೆ ಹೋಗಿದ್ದು. ಎರಡಕ್ಕೂ ನಾವು ಇಟ್ಟ ಹೆಸರು ಒಂದೇ, ಹಣೇಬರ.

ಮೊದಲನೇದು ತವರುಮನೆ. ಹಿರಿಯೂರ ಕಡೆ ನಮ್ಮಪ್ಪನ ತೆಂಗಿನ ತೋಟ, ತೋಟದಾಗೇ ಮನೆ. ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, ಅದರ ನೀರು ನಂಬ್ಕೊಂಡು ಬದುಕಿದವರು. ನಿಮಗೂ ನೆನಪಿರುತ್ತೆ, ಏಳೆಂಟು ವರ್ಷದ ಹಿಂದೆ ಡ್ಯಾಮು ತಳ ಕಂಡು ಹಿರಿಯೂರು ಸೀಮೆ ತೆಂಗು ಅಡಿಕೆ ಹೆಂಗೆ ಒಣಗಿದ್ವು ಅಂತ. ಸುಳಿ ಬಿದ್ದು ಮರಗಳು ಬೋಳು ಕಂಬ ಆಗಿ ನಿಂತಿದ್ವು. ಅಣ್ಣ ಮೂರು ಬೋರು ಹಾಕಿಸಿದ, ಧೂಳು ಬಂತು. ಟ್ಯಾಂಕರಲ್ಲಿ ನೀರು ಹಾಕಿಸಿದ, ಸಾಲ ಬೆಳೀತು. ಕೊನೆಗೆ 2018ರಲ್ಲಿ ಮಾರೋದು ಅಂತಾಯ್ತು.

ರಿಜಿಸ್ಟ್ರಿಗೆ ನನ್ನ ಸಹಿ ಬೇಕು ಅಂತ ಕರೆಸಿದ್ರು. ಹೋದೆ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ, ಹೆಬ್ಬೆಟ್ಟು ಒತ್ತಿದೆ, ಫೋಟೋಗೆ ಮುಖ ಕೊಟ್ಟೆ. ಎಷ್ಟಕ್ಕೆ ಹೋಯ್ತು ಅಂತ ಕೇಳಲಿಲ್ಲ. ಅಣ್ಣ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟ. ಬಸ್ಸಲ್ಲಿ ಬರ್ತಾ "ತವರಿನ ಋಣ ಇಷ್ಟೇ ಇತ್ತು" ಅಂತ ಅತ್ಕೊಂಡು ಯಲ್ಲದಕೆರೆಗೆ ಬಂದು ಇಳಿದೆ.

ಆಮೇಲೆ ಏನಾಯ್ತು ಅಂತ ಊರಿಗೇ ಗೊತ್ತು. 2022ರ ಸೆಪ್ಟೆಂಬರಲ್ಲಿ ಡ್ಯಾಮು ಕೋಡಿ ಬಿತ್ತು. ಹಿಂದೆ ತುಂಬಿದ್ದು 1933ರಲ್ಲಿ, ಅಂದ್ರೆ 89 ವರ್ಷಕ್ಕೆ! ಎಲ್ಲರೂ ನೋಡೋಕೆ ಹೋದ್ರು, ನಾನೂ ಹೋದೆ. ಜನ ಕೈ ಮುಗೀತಿದ್ರು, ನಂಗೆ ಮಾತ್ರ ಹೊಟ್ಟೆ ಉರೀತು. 2025ರ ಜನವರೀಲಿ ಮತ್ತೆ ಕೋಡಿ ಬಿತ್ತು. ಈಗ ಆ ತೋಟ ತಗೊಂಡವರು ಹೊಸ ಸಸಿ ಇಟ್ಟಿದಾರೆ. "ನಾಲ್ಕು ವರ್ಷ ತಡಕೊಂಡಿದ್ರೆ" ಅಂತ ಅಣ್ಣ ಈಗಲೂ ಹಣೆ ಬಡ್ಕೋತಾನೆ.

ಇದರಲ್ಲಿ ಅಣ್ಣಂದು ತಪ್ಪಿಲ್ಲ. 85 ವರ್ಷ ತುಂಬದಿದ್ದ ಡ್ಯಾಮು ಇನ್ನು ನಾಲ್ಕು ವರ್ಷಕ್ಕೆ ತುಂಬುತ್ತೆ ಅಂತ ಯಾರಿಗೆ ಗೊತ್ತಿತ್ತು? ಅದು ಮಳೆರಾಯನ ಕೈಲಿದ್ದ ಮಾತು. ಅದನ್ನ ಹಣೇಬರ ಅನ್ನಿ, ನಾನೂ ಒಪ್ತೀನಿ.

ಎರಡನೇದು 2021ರದ್ದು. ಮಕ್ಕಳ ಓದಿಗೆ ಆಗುತ್ತೆ ಅಂತ ಹಿರಿಯೂರಲ್ಲಿ ಒಂದು ಹಳೇ ಮನೆ ನೋಡಿದ್ವಿ. ದೇವರ ಹತ್ರ ಹೂ ಕೇಳಿಸಿದ್ವಿ, ಬಲಕ್ಕೇ ಬಿತ್ತು. ಮನೇಲಿ ನಮ್ಮ ಜಗಳ ಎಲ್ಲ ಅಡುಗೆಮನೆ ಆಗ್ನೇಯಕ್ಕೆ ಸರಿಯಾಗಿ ಐತೋ, ಒಂದಡಿ ಆಚೀಚೆ ಐತೋ ಅಂತ. ಖಾತೆ ಮಾರೋರ ಹೆಸರಲ್ಲೇ ಇತ್ತು. ಇ.ಸಿ. ತೆಗೆಸಿದ್ವಿ, ಅದೂ ಶುದ್ಧ. ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಂಡ್ವಿ. ತಿಂಗಳೊಳಗೆ ಮಾರೋರ ತಂಗಿ ವಕೀಲರ ಕೈಲಿ ನೋಟೀಸ್ ಕಳಿಸಿದ್ಲು. ಅದು ಅಪ್ಪನ ಕಾಲದಿಂದ ಬಂದ ಮನೆ, ನನ್ನ ಪಾಲೂ ಐತೆ, ನಾನು ಸಹಿ ಹಾಕಲ್ಲ ಅಂತ.

ಆ ಹೆಂಗಸಿಗೆ ನಾನು ಹಾಕಿದ ಶಾಪ ಇಲ್ಲಿ ಬರೆಯೋ ಹಂಗಿಲ್ಲ. ಮದುವೆಯಾಗಿ ಮೂವತ್ತು ವರ್ಷ ಆದೋಳಿಗೆ ಈಗ ತವರಿನ ಆಸ್ತಿ ನೆನಪಾಯ್ತಾ ಅಂದೆ. ನಮ್ಮ ವಕೀಲರು ಕೂರಿಸಿ ತಿಳಿಸಿದ್ರು. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ಕಾನೂನು ಬಂತು, ಆದ್ರೆ ಅದಕ್ಕೆ ಮುಂಚೆ ಮದುವೆಯಾದೋರಿಗೆ ಇರಲಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿದಾಗ ಆ ಭೇದ ಹೋಯ್ತು. ಅಷ್ಟರೊಳಗೆ ಅಪ್ಪ ತೀರಿಕೊಂಡಿದ್ರೆ ಏನು ಅನ್ನೋ ತಕರಾರಿಗೆ 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಡ್ತು: ಆ ಹಕ್ಕು ಹುಟ್ಟಿನಿಂದ ಬರೋದು, ಅಪ್ಪ ಬದುಕಿರಲೇಬೇಕು ಅಂತೇನಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಭಾಗ ಆಗಿ ರಿಜಿಸ್ಟರ್ ಆಗಿದ್ರೆ, ಇಲ್ಲಾ ಮಾರಿ ಆಗಿದ್ರೆ ಅದು ಬೇರೆ ಮಾತು. ಆ ಮನೇಲಿ ಭಾಗವೇ ಆಗಿರಲಿಲ್ಲ.

ನಮ್ಮ ದುಡ್ಡು ಬಡ್ಡಿ ಇಲ್ಲದೆ ಒಂದು ವರ್ಷಕ್ಕೆ ವಾಪಸ್ ಬಂತು. "ಆ ಮನೆ ಋಣ ನಮಗಿರಲಿಲ್ಲ" ಅಂದ್ರು ಎಲ್ಲರೂ. ನಂಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಗಲ್ಲ. ಅವಳೂ ನಂಗಿಂತ ಓದಿದೋಳಲ್ಲ, ನನ್ನ ವಯಸ್ಸಿನೋಳೇ. ಅವಳಿಗೆ ಬಂದ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ?

ಇಷ್ಟು ವರ್ಷ ಯಾರ ಮುಂದೂ ಹೇಳದೇ ಇದ್ದದ್ದು ಹೇಳ್ತೀನಿ. 2018ರಲ್ಲಿ ನಂಗೆ ಇದ್ದ ಆಸೆ ಇಷ್ಟೇ: ತೋಟ ಮಾರಲಿ, ಸಾಲ ತೀರಲಿ, ಆದ್ರೆ ಮನೆ, ಅದರ ಹಿತ್ತಿಲು ಉಳಿಸ್ಕೊಳ್ಳಾನ ಅಂತ. ಅವ್ವ ಕಣ್ಣು ಮುಚ್ಚಿದ ಮನೆ ಅದು. ಆ ಮಾತು ನಾಲಿಗೆ ತುದೀಲಿತ್ತು. ಆಡಲಿಲ್ಲ. ಆಡಿದ್ರೆ ಅಣ್ಣ ಒಪ್ತಿದ್ನೋ, ಬೈತಿದ್ನೋ ಗೊತ್ತಿಲ್ಲ. ಕೇಳಿದ್ರೆ ತಾನೆ ಗೊತ್ತಾಗೋದು? ತವರು ತಪ್ಪಿ ಹೋಗುತ್ತೆ ಅಂತ ಹೆದರಿ ಸುಮ್ಮನಾದೆ, ಆ ಹೆದರಿಕೆಗೆ ಋಣ ಅಂತ ಹೆಸರಿಟ್ಟೆ. ಮಳೆ ಬಂದಿದ್ದು ಬರದಿದ್ದು ಹಣೇಬರ. ನಾನು ಬಾಯಿ ಮುಚ್ಕೊಂಡಿದ್ದು ಹಣೇಬರ ಅಲ್ಲ.

ನಮ್ಮ ಕಡೆ ಹೆಂಗಸರಿಗೆ ಮನೆ ವಿಷಯದಲ್ಲಿ ವಾಸ್ತು ಕೇಳೋಕೆ, ಹರಕೆ ಹೊರೋಕೆ ಬಿಡ್ತಾರೆ. ಕಾಗದ ಓದೋಕೆ ಕರೆಯಲ್ಲ. ಕರೆಯೋದು ಕೊನೇಲಿ, ಸಹಿಗೆ. ಹಂಗಾಗಿ ನಾವೂ ಎಲ್ಲಾದನ್ನೂ ಬ್ರಹ್ಮನ ತಲೆಗೆ ಕಟ್ಟಿ ಸುಮ್ಮನಾಗ್ತೀವಿ. ಪಕ್ಕದ ಮನೆ ಅಕ್ಕ ಅಂತಾರೆ, "ಎಲ್ಲಾ ನೋಡಿ ತಗೊಂಡೋರೂ ಮುಳುಗಿದಾರೆ ಕಣಮ್ಮ." ನಿಜ ಅಕ್ಕ. ನೋಡಿದ ಮೇಲೂ ಮುಳುಗಿದ್ರೆ ಅದು ಹಣೇಬರ. ನೋಡದೇ ಮುಳುಗಿದ್ರೆ?

ಇ.ಸಿ.ಗೆ ಕನ್ನಡದಲ್ಲಿ ಏನಂತಾರೆ ಗೊತ್ತಾ? ಋಣಭಾರ ಪತ್ರ. ಋಣ ನೋಡೋರು ಆ ಋಣವನ್ನೂ ನೋಡಿ. ಕಾವೇರಿ ವೆಬ್‌ಸೈಟಲ್ಲಿ ಮಕ್ಕಳ ಕೈಲಿ ತೆಗೆಸಬಹುದು. ಆದ್ರೆ ಅದರಲ್ಲಿ ಕಾಣೋದು ರಿಜಿಸ್ಟರ್ ಆದ ಮಾರಾಟ, ಅಡಮಾನ ಮಾತ್ರ. ಸಹಿ ಹಾಕಬೇಕಾದ ಅಕ್ಕತಂಗೀರು ಅದರಲ್ಲಿ ಕಾಣಲ್ಲ. ಅದಕ್ಕೆ ನಾಡಕಚೇರಿಯಿಂದ ಕೊಡೋ ವಂಶವೃಕ್ಷ ಕೇಳಿ. ಹಳ್ಳಿ ಮನೆ ಆದ್ರೆ ಪಂಚಾಯ್ತಿಯ ಇ-ಸ್ವತ್ತು, ಫಾರಂ 9 ಮತ್ತು 11 ಕೇಳಿ. ಆಮೇಲೆ ಬೇಕಾದ್ರೆ ದೇವರ ಹತ್ರ ಹೂ ಕೇಳಿ. ನಾನೂ ಕೇಳ್ತೀನಿ, ಬಿಟ್ಟಿಲ್ಲ.

ಇನ್ನು ನಿಮ್ಮ ತವರಿಂದ ಸಹಿಗೆ ಕರೆದ್ರೆ, ಹೋಗಿ. ಪಾಲು ಕೇಳ್ತೀರೋ, ಅಣ್ಣತಮ್ಮಂದಿರಿಗೇ ಬಿಟ್ಟು ಬರ್ತೀರೋ ನಿಮ್ಮ ಇಷ್ಟ. ಬಿಟ್ಟುಕೊಡೋದೂ ದೊಡ್ಡ ಗುಣವೇ. ಆದ್ರೆ ಓದಿಸಿ ಕೇಳಿ, ಮನಸ್ಸಲ್ಲಿರೋದನ್ನ ಒಂದು ಸಲ ಬಾಯಿ ಬಿಟ್ಟು ಹೇಳಿ, ಆಮೇಲೆ ಸಹಿ ಹಾಕಿ. ಹಣೆ ಮೇಲೆ ಬ್ರಹ್ಮ ಏನು ಬರೆದಿದಾನೋ ನಮಗೆ ಓದೋಕೆ ಬರಲ್ಲ. ಕಾಗದದ ಮೇಲಿರೋದನ್ನ ಓದಬಹುದು, ಅದರ ಕೆಳಗೆ ಬರೆಯೋರು ನಾವೇ.

ಅಂದಹಾಗೆ ವಾರಗಿತ್ತಿ ಮಗಳು ನಿನ್ನೆ ಮತ್ತೆ ಫೋನ್ ಮಾಡಿದ್ಲು. ಮಾರೋರಿಗೆ ಇಬ್ರು ಅಕ್ಕಂದಿರು ಅಂತೆ. ಇಬ್ರ ಮನೆಗೂ ಹೋಗಿ ಮಾತಾಡ್ಸಿಕೊಂಡು ಬರ್ತಾರಂತೆ, ಅಡ್ವಾನ್ಸ್ ಆಮೇಲೆ.