ಮುದ್ದೆ ಹೋಟೆಲು ಮತ್ತು ಇಪ್ಪತ್ತು ಲಕ್ಷದ ಗೆರೆ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ತಂದ ರೈತನಿಗೆ ಹರಾಜು ಮುಗಿದೊಡನೆ ಬೇಕಾಗುವುದು ಬಿಸಿ ಚಹಾ, ತಿಂಡಿ. ಚಿಂತಾಮಣಿಯ ಟೊಮೆಟೊ ಮಂಡಿಯ ಹಮಾಲರಿಗೆ, ಗೌರಿಬಿದನೂರಿನ ಕಾರ್ಖಾನೆ ಕಾರ್ಮಿಕರಿಗೆ ಮುದ್ದೆ, ಸಾರು, ಮಜ್ಜಿಗೆ. ಚಿಕ್ಕಬಳ್ಳಾಪುರದಲ್ಲಿ ನಂದಿಬೆಟ್ಟದ ಪ್ರವಾಸಿಗರ ಜೊತೆಗೆ 2023ರ ಜನವರಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ನಂತರ ವಾರಾಂತ್ಯದ ಗಿರಾಕಿಗಳೂ ಸೇರಿದ್ದಾರೆ. ಇಷ್ಟಾದರೂ ಊಟ ತಿಂಡಿಯ ಈ ವ್ಯಾಪಾರವನ್ನು ಉದ್ಯಮವೆಂದು ಪರಿಗಣಿಸುವವರು ವಿರಳ. ಹೋಟೆಲಿನವರೇ ಹಾಗೆ ಭಾವಿಸುವುದಿಲ್ಲವೆಂಬುದು ಹೆಚ್ಚು ಚಿಂತೆಯ ವಿಷಯ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ನೋಟೀಸುಗಳನ್ನು ಹೊರಡಿಸಿದಾಗ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳವರು ದಿಗಿಲುಗೊಂಡರು. ಅದೇ ತಿಂಗಳ 23ರಂದು ಮುಖ್ಯಮಂತ್ರಿಗಳು ವರ್ತಕರ ಸಭೆ ನಡೆಸಿ, ಹಳೆಯ ಬಾಕಿಗೆ ಒತ್ತಾಯವಿಲ್ಲ, ಆದರೆ ನೋಂದಣಿ ಮಾಡಿಸಲೇಬೇಕು ಎಂದರು. ಮೊದಲ ಮಾತು ಎಲ್ಲರ ಕಿವಿಗೂ ಬಿತ್ತು; ಎರಡನೆಯದನ್ನು ಬಹಳ ಮಂದಿ ಅಲ್ಲಿಯೇ ಬಿಟ್ಟರು.

ನೋಂದಣಿಯ ಮಿತಿ 40 ಲಕ್ಷ ರೂಪಾಯಿ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ಮಿತಿ ಕೇವಲ ಸರಕು ಮಾರುವವರಿಗೆ. ಬಿಸ್ಕತ್ತು, ತಂಪು ಪಾನೀಯ ಮಾರುವ ಅಂಗಡಿಯವನು ಮೂಲೆಯಲ್ಲಿ ಒಲೆ ಹಚ್ಚಿ ಚಹಾ ಕಾಯಿಸಿ ಕೊಟ್ಟೊಡನೆ ಅದು ಸೇವೆಯಾಗುತ್ತದೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಹಾಲು, ಬ್ರೆಡ್ಡುಗಳಿಗೆ ತೆರಿಗೆಯಿಲ್ಲ, ನಿಜ. ಆದರೆ ತೆರಿಗೆಯುಳ್ಳ ಪದಾರ್ಥಗಳೊಡನೆ ಅವುಗಳನ್ನು ಮಾರುವಾಗ ಅವೂ ಒಟ್ಟು ವಹಿವಾಟಿನ ಲೆಕ್ಕಕ್ಕೆ ಸೇರುತ್ತವೆ. ವರ್ಷಕ್ಕೆ 20 ಲಕ್ಷವೆಂದರೆ ದಿನಕ್ಕೆ ಸುಮಾರು 5,480 ರೂಪಾಯಿ. ಊಟಕ್ಕೆ 80 ರೂಪಾಯಿ ಎಂದಿಟ್ಟುಕೊಂಡರೆ 69 ಊಟ. ಮಂಡಿಯ ಬಳಿಯ ಯಾವ ಮುದ್ದೆ ಹೋಟೆಲು ಇದಕ್ಕಿಂತ ಕಡಿಮೆ ಬಡಿಸುತ್ತದೆ?

ಇಂತಹ ತೊಡಕು ಇಲ್ಲಿಗೆ ಮಾತ್ರ ಸೀಮಿತವಲ್ಲ. ಜಪಾನಿನಲ್ಲಿ 2019ರ ಅಕ್ಟೋಬರ್ 1ರಂದು ಜಾರಿಗೆ ಬಂದ ಪದ್ಧತಿಯಂತೆ ಅದೇ ಅನ್ನದ ಡಬ್ಬಿಯನ್ನು ಅಂಗಡಿಯಲ್ಲಿ ಕುಳಿತು ತಿಂದರೆ ಶೇ. 10, ಮನೆಗೆ ಕೊಂಡೊಯ್ದರೆ ಶೇ. 8 ತೆರಿಗೆ. ನಮ್ಮಲ್ಲಿ ಪಾರ್ಸೆಲ್ ಆದರೂ ಎಲೆಯ ಮುಂದೆ ಕುಳಿತರೂ ಸಾಮಾನ್ಯ ಹೋಟೆಲಿಗೆ ಶೇ. 5 ಒಂದೇ ದರ. 2017ರ ನವೆಂಬರ್ 15ರಿಂದ ಹೀಗಿದೆ. ಅಷ್ಟರ ಮಟ್ಟಿಗೆ ಇಲ್ಲಿಯ ಹೋಟೆಲಿಗರು ಅದೃಷ್ಟವಂತರು.

ರಾಜಿ ತೆರಿಗೆ ಪದ್ಧತಿಯ ಬಗೆಗೂ ಒಂದು ಮಾತು ಅಗತ್ಯ. ಸಣ್ಣವರಿಗೆ ಅದೇ ಲೇಸೆಂದು ಕಣ್ಣುಮುಚ್ಚಿ ಸಲಹೆ ಕೊಡುವ ರೂಢಿಯಿದೆ. ಸರಕಿನ ವರ್ತಕನಿಗೆ ಅಲ್ಲಿ ಶೇ. 1 ಇರುವುದರಿಂದ ಸಲಹೆ ಸರಿ. ಹೋಟೆಲಿಗೆ ಅಲ್ಲಿಯೂ ಶೇ. 5, ಅದೂ ಗಿರಾಕಿಯಿಂದ ಪಡೆಯುವಂತಿಲ್ಲ. ಸಾಮಾನ್ಯ ನೋಂದಣಿಯಲ್ಲಿ ಬಿಲ್ಲಿಗೆ ಸೇರಿಸಿ ಪಡೆಯಬಹುದು. ಗಿರಾಕಿ ಕೊಡಲಾರನೆಂದು ತೆರಿಗೆ ಸೇರಿಸಿಯೇ 80 ರೂಪಾಯಿ ಎಂದು ಫಲಕ ಹಾಕಿದರೂ ತೆರಿಗೆಯ ಪಾಲು 3 ರೂ. 81 ಪೈಸೆ; ರಾಜಿಯಲ್ಲಿ ಪೂರ್ತಿ 4 ರೂಪಾಯಿ. ರಾಜಿಯಲ್ಲಿ ಉಳಿಯುವ ಲಾಭ ಲೆಕ್ಕಪತ್ರದ ಸರಳತೆಯೊಂದೇ. ಎರಡರಲ್ಲಿಯೂ ಹೂಡುವಳಿ ತೆರಿಗೆಯ ಜಮೆ ಸಿಗದು; ವಾಣಿಜ್ಯ ಸಿಲಿಂಡರಿನ ಮೇಲಿನ ಶೇ. 18 ಹೋಟೆಲಿನವರ ಗಂಟಿನಿಂದಲೇ ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪಗಳ ದರ ಶೇ. 12ರಿಂದ 5ಕ್ಕೆ ಇಳಿದದ್ದು ಅದೇ ಕಾರಣಕ್ಕೆ ನೇರ ಉಳಿತಾಯ.

ನೋಟೀಸಿನ ಭಯದಿಂದ ಕ್ಯೂಆರ್ ಫಲಕ ಕಿತ್ತು 'ನಗದು ಮಾತ್ರ' ಎಂದು ಬರೆದವರಿದ್ದಾರೆ. ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುವ ಈ ಉಪಾಯದಿಂದ ವಹಿವಾಟೂ ಮರೆಯಾಗದು. ದಿನಸಿ, ಸಿಲಿಂಡರು, ಹಾಲಿನ ಬಿಲ್ಲುಗಳು ಎಲ್ಲವನ್ನೂ ಹೇಳುತ್ತವೆ. ಇಲಾಖೆಯ ಕ್ರಮವೂ ನಿರ್ದೋಷವಲ್ಲ. ಕೈಸಾಲ, ಚೀಟಿ ಹಣ, ಮಗ ಕಳಿಸಿದ ದುಡ್ಡು ಎಲ್ಲವೂ ಒಂದೇ ಖಾತೆಗೆ ಬರುವ ಊರುಗಳಲ್ಲಿ ಜಮೆಯಾದದ್ದೆಲ್ಲವೂ ಮಾರಾಟವೆಂದು ಎಣಿಸುವುದು ನ್ಯಾಯವಲ್ಲ. ಅದನ್ನು ಬಿಡಿಸಿ ತೋರಿಸುವ ಹೊಣೆ ಮಾತ್ರ ವ್ಯಾಪಾರಿಯ ಮೇಲೆಯೇ ಬೀಳುತ್ತದೆ. ಅಂಗಡಿಗೊಂದು ಚಾಲ್ತಿ ಖಾತೆ, ದಿನಕ್ಕೊಂದು ಪುಟದ ಮಾರಾಟದ ಪುಸ್ತಕ ಇಲ್ಲದವನು ಏನನ್ನು ತೋರಿಸಿಯಾನು?

ವಾಣಿಜ್ಯ ಸಂಸ್ಥೆಗಳು ನಾಲ್ಕೂ ಪಟ್ಟಣಗಳಲ್ಲಿ ಹೋಟೆಲಿಗರಿಗೆಂದೇ ಒಂದೊಂದು ದಿನದ ಶಿಬಿರ ನಡೆಸಬೇಕು. ಮಧ್ಯಾಹ್ನದ ಊಟದ ಹೊತ್ತು ಕಳೆದು ಮೂರು ಗಂಟೆಗೆ ಕರೆದರಷ್ಟೇ ಅವರು ಬಂದಾರು. ಏಪ್ರಿಲ್ 1ರಿಂದ ಈವರೆಗಿನ ಮಾರಾಟವನ್ನು ಪ್ರತಿಯೊಬ್ಬರೂ ಕೂಡಿ ತರುವಂತಾಗಲಿ. 20 ಲಕ್ಷ ದಾಟಿದ ದಿನದಿಂದ ಅರ್ಜಿ ಸಲ್ಲಿಸಲು ಇರುವ ಕಾಲಾವಕಾಶ 30 ದಿನ ಮಾತ್ರ.