ಕಾಯ್ದೆಯಲ್ಲಿ ಕನ್ನಡ ಉಂಟು, ಕಂಪ್ಯೂಟರಿನಲ್ಲಿ ಇಲ್ಲ



ಮಲಯಾಳ ಭಾಷಾ ಮಸೂದೆಯ ಬಗ್ಗೆ ನಾವೆಲ್ಲ ಬೇಕಾದಷ್ಟು ಪೋಸ್ಟ್ ಹಾಕಿದ್ದೇವೆ. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಅದನ್ನು ಅಂಗೀಕರಿಸಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿರೋಧಿಸಿ ಪತ್ರ ಬರೆದರು. ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಮಸೂದೆಯಲ್ಲೇ ರಕ್ಷಣೆ ಉಂಟು ಎಂದು ಪಿಣರಾಯಿ ವಿಜಯನ್ ಉತ್ತರಿಸಿದರು. ಅಲ್ಲಿಂದ ಒಂದು ಪತ್ರ, ಇಲ್ಲಿಂದ ಒಂದು ಉತ್ತರ. ಆದರೆ ನಮ್ಮ ದಿನನಿತ್ಯದ ಕಷ್ಟ ಎರಡರಲ್ಲೂ ಇಲ್ಲ.

ಹೊಸ ಮಸೂದೆ ಬಿಡಿ, ಹಳೆಯ ಕಾಯ್ದೆಯನ್ನೇ ತೆಗೆದುಕೊಳ್ಳಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿಯೂ ಜನರು ತಮ್ಮ ಅಹವಾಲನ್ನು ತಮ್ಮ ಭಾಷೆಯಲ್ಲಿ ಕೊಡುವ ಹಕ್ಕನ್ನು ಕಾಯುತ್ತದೆ. ಇದೆಲ್ಲ ಕಾಗದದ ಕಾಲದಲ್ಲಿ ಬರೆದದ್ದು. ಕಾಗದಕ್ಕೆ ಒಂದು ಒಳ್ಳೆಯ ಗುಣ ಇತ್ತು. ನೀವು ಯಾವ ಭಾಷೆಯಲ್ಲಿ ಬರೆದರೂ ಅದು ಬೇಡ ಹೇಳುತ್ತಿರಲಿಲ್ಲ. ಗುಮಾಸ್ತ ಗೊಣಗಿದರೂ ಅರ್ಜಿ ಮೇಜಿನ ಮೇಲೆ ಇರುತ್ತಿತ್ತು.

ಈಗ ಕಾಗದ ಎಲ್ಲಿ ಉಂಟು ಮಾರಾಯ್ರೆ? ಅರ್ಜಿ ಆನ್‌ಲೈನ್, ಸರ್ಟಿಫಿಕೇಟ್ ಆನ್‌ಲೈನ್, ತೆರಿಗೆ ಆನ್‌ಲೈನ್. ಇತ್ತೀಚೆಗೆ ಒಂದು ಆನ್‌ಲೈನ್ ಅರ್ಜಿ ನೋಡಿದೆ. ಭಾಷೆಯ ಆಯ್ಕೆ ಎರಡೇ: ಇಂಗ್ಲಿಷ್, ಮಲಯಾಳ. ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ ಕೂಡಲೇ ಕೆಂಪು ಅಕ್ಷರದಲ್ಲಿ 'ಇನ್‌ವ್ಯಾಲಿಡ್' ಅಂತ ಬಂತು. ಅಪ್ಪ ಅಮ್ಮ ಇಟ್ಟ ಹೆಸರು, ಶಾಲೆಯ ರಿಜಿಸ್ಟರಿನಲ್ಲಿ ಇದ್ದ ಹೆಸರು, ಅಮಾನ್ಯ! ಕನ್ನಡದಲ್ಲಿ ಅರ್ಜಿ ಹಾಕಬಾರದು ಎಂದು ಯಾವ ಮಂತ್ರಿಯೂ ಆದೇಶ ಹೊರಡಿಸಲಿಲ್ಲ. ಒಂದು ಚೌಕ ಸಾಕಾಯ್ತು. ಆದೇಶವಾದರೆ ಕೋರ್ಟಿಗೆ ಹೋಗಬಹುದು, ಮಂಜೇಶ್ವರದಿಂದ ಮೆರವಣಿಗೆ ಹೊರಡಬಹುದು. ಚೌಕದ ಎದುರು ಯಾರು ಧರಣಿ ಕೂರುತ್ತಾರೆ?

ಇದರ ಬೇರು ಎಲ್ಲಿ? 'ಪ್ರಾದೇಶಿಕ ಭಾಷೆ' ಎಂಬ ಎರಡು ಶಬ್ದದಲ್ಲಿ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು, ಈ ಶಬ್ದ ದಿನಾ ಕಣ್ಣಿಗೆ ಬೀಳುತ್ತದೆ. ಗ್ರಾಹಕರು ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಸಂಬಂಧಪಟ್ಟ ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. 'ರಾಜ್ಯದ ಭಾಷೆ' ಎಂದಲ್ಲ, 'ಪ್ರಾದೇಶಿಕ'. ಪೈವಳಿಕೆ, ಎಣ್ಮಕಜೆ, ಬದಿಯಡ್ಕದ ಪ್ರದೇಶಕ್ಕೆ ಯಾವ ಭಾಷೆ ಸಂಬಂಧಪಟ್ಟದ್ದು ಎಂದು ಅಲ್ಲಿಗೆ ಒಮ್ಮೆ ಬಂದವರಿಗೆ ಗೊತ್ತಾಗುತ್ತದೆ. ಆದರೆ ಸಾಫ್ಟ್‌ವೇರ್ ಬರೆಯುವವರು ಬರುವುದಿಲ್ಲ. ಅವರಿಗೆ ರಾಜ್ಯ ಕೇರಳ ಅಂದರೆ ಭಾಷೆ ಮಲಯಾಳ, ರಾಜ್ಯ ಕರ್ನಾಟಕ ಅಂದರೆ ಭಾಷೆ ಕನ್ನಡ. ತಲಪಾಡಿ ದಾಟಿದ ಕೂಡಲೇ ಮನುಷ್ಯನ ನಾಲಗೆ ಬದಲಾಗುತ್ತದೆ ಎಂಬ ಲೆಕ್ಕ. 671ರಿಂದ ಶುರುವಾಗುವ ಪಿನ್ ಕೋಡಿನಲ್ಲಿ ಕನ್ನಡಿಗನೊಬ್ಬ ಇರಬಹುದು ಎಂಬುದು ಆ ಲೆಕ್ಕದಲ್ಲಿ ಸೇರಿಲ್ಲ.

ಇದಕ್ಕೆ ಕೊಡುವ ನೆಪಗಳನ್ನು ಒಂದೊಂದಾಗಿ ನೋಡುವ.

ಮೊದಲನೆಯದು, 'ತಾಂತ್ರಿಕ ಸಮಸ್ಯೆ'. ಎಂತ ತಾಂತ್ರಿಕ ಸಮಸ್ಯೆ? ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡ ಉಂಟು, ಮಲಯಾಳವೂ ಉಂಟು. ತಲಾ 128 ಸ್ಥಾನ, ಅದೂ ಪಕ್ಕಪಕ್ಕದಲ್ಲಿ. ಕನ್ನಡದ ಅಂಗಳ ಮುಗಿದಲ್ಲಿ ಮಲಯಾಳದ ಅಂಗಳ ಶುರು. ಕಂಪ್ಯೂಟರಿನ ಒಳಗೆ ನಾವು ನೆರೆಕರೆಯವರು, ಅಲ್ಲಿ ಗಡಿ ತಕರಾರೇ ಇಲ್ಲ. ಮಲಯಾಳವನ್ನು ಸ್ವೀಕರಿಸುವ ಚೌಕ ಕನ್ನಡವನ್ನು ಸ್ವೀಕರಿಸದಿದ್ದರೆ ಅದು ಯಂತ್ರದ ಮಿತಿ ಅಲ್ಲ, ಯಾರೋ ಹಾಕಿದ ಬೇಲಿ.

ಎರಡನೆಯದು, 'ಖರ್ಚು'. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ, ಹಾಗಾಗಿ ಉದ್ದದ ಸಂದೇಶಕ್ಕೆ ದುಡ್ಡು ಹೆಚ್ಚು ಅಂತ ಹೇಳ್ತಾರೆ. ಸರಿ, ಮಲಯಾಳಕ್ಕೂ ಅದೇ 70 ಅಲ್ವಾ? ಅಲ್ಲಿ ಖರ್ಚು ಕಾಣುವುದಿಲ್ಲ, ಕನ್ನಡ ಬಂದಾಗ ಮಾತ್ರ ಲೆಕ್ಕಪುಸ್ತಕ ಬಿಚ್ಚುತ್ತಾರೆ. ಇನ್ನು ದೇಶವಿಡೀ ನಡೆಯುವ ಆ್ಯಪ್‌ಗಳಲ್ಲಿ ಮಂಗಳೂರಿನವರಿಗೆಂದು ಕನ್ನಡ ಆಗಲೇ ತಯಾರಾಗಿರುತ್ತದೆ. ಅದನ್ನೇ ಉಪ್ಪಳದವನಿಗೂ ತೋರಿಸಲಿಕ್ಕೆ ಹೊಸದಾಗಿ ಅನುವಾದ ಮಾಡಬೇಕಾಗಿಲ್ಲ.

ಮೂರನೆಯದು, 'ಜಾಗ ಇಲ್ಲ'. ನಿಮ್ಮ ಕಿಸೆಯ ನೋಟು ತೆಗೆದು ನೋಡಿ. ಭಾಷೆಗಳ ಪಟ್ಟಿಯಲ್ಲಿ 15 ಭಾಷೆ ಉಂಟು. ಮೇಲಿನಿಂದ ನಾಲ್ಕನೆಯದು ಕನ್ನಡ, ಏಳನೆಯದು ಮಲಯಾಳ. ಅಷ್ಟು ಸಣ್ಣ ಕಾಗದದಲ್ಲಿ 15 ಭಾಷೆಗೆ ಜಾಗ ಸಿಕ್ಕಿದೆ. ಮುಟ್ಟಿದರೆ ತೆರೆಯುವ ಪಟ್ಟಿಯಲ್ಲಿ ಮೂರನೆಯ ಒಂದು ಸಾಲಿಗೆ ಜಾಗ ಇಲ್ಲವಂತೆ.

ನಾಲ್ಕನೆಯದು, 'ನಿಮಗೆ ಮಲಯಾಳ ಬರ್ತದಲ್ಲ?' ಬರ್ತದೆ. ಸಪ್ತಭಾಷಾ ಸಂಗಮಭೂಮಿ ಎಂದು ಕರೆಸಿಕೊಳ್ಳುವ ನೆಲದಲ್ಲಿ ಹುಟ್ಟಿದ ನಮಗೆ ನೆರೆಮನೆಯ ಭಾಷೆ ಕಲಿಸಿಕೊಡಬೇಕಾಗಿಲ್ಲ. ಮಲಯಾಳದ ಮೇಲೆ ನಮಗೆ ದ್ವೇಷವೂ ಇಲ್ಲ. ಆದರೆ ಮಾತನಾಡಲಿಕ್ಕೆ ಬರುವುದು ಬೇರೆ, ಸಾಲದ ಷರತ್ತು ಓದಿ ಸಹಿ ಹಾಕುವುದು ಬೇರೆ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು ಕಲಿತ ಅಜ್ಜಿ ಸಂತೆಯಲ್ಲಿ ಚಂದಕ್ಕೆ ಮಲಯಾಳ ಮಾತಾಡಬಹುದು, ಅಕ್ಷರ ಓದಲಿಕ್ಕೆ ಆಗುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿಯೇ. ಖಾತೆಯಿಂದ ದುಡ್ಡು ಹೋದಾಗ ಬರುವ ಸಂದೇಶ, ಒಟಿಪಿ ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ, 'ಡಿಜಿಟಲ್ ಅರೆಸ್ಟ್' ಮೋಸದ ಬಗ್ಗೆ ಬರುವ ಸೂಚನೆ, ಇವೆಲ್ಲ ಓದಿದರೆ ಮಾತ್ರ ಕೆಲಸಕ್ಕೆ ಬರುವಂಥವು. ಸೈಬರ್ ವಂಚನೆಯಾದರೆ 1930ಕ್ಕೆ ಕರೆ ಮಾಡಬೇಕು, ಅದೂ ಆದಷ್ಟು ಬೇಗ. ತಡ ಮಾಡಿದರೆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಹೋಗಿರುತ್ತದೆ. ಸಂಜೆ ಮೊಮ್ಮಗ ಕಾಲೇಜಿನಿಂದ ಬಂದು ಓದಿ ಹೇಳುವ ತನಕ ಮೋಸಗಾರ ಕಾಯುತ್ತಾನಾ? ಇಲ್ಲಿ ಭಾಷೆ ಅಭಿಮಾನದ ವಿಷಯ ಅಲ್ಲ, ಅಡಿಕೆ ಮಾರಿ ಕೂಡಿಟ್ಟ ದುಡ್ಡಿನ ವಿಷಯ.

ಕೇರಳ ಸರಕಾರಕ್ಕೆ ಕನ್ನಡ ಬರುವುದಿಲ್ಲ ಎಂದೂ ಅಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ಅದೇ ಸರಕಾರ. ಹಾಗೆ ಕನ್ನಡದಲ್ಲಿ ಕಲಿತ ಹುಡುಗಿ ದೊಡ್ಡವಳಾಗಿ ಅರ್ಜಿ ಹಾಕಲಿಕ್ಕೆ ಹೋದಾಗ 'ಇನ್‌ವ್ಯಾಲಿಡ್' ಅಂದರೆ ಎಂತ ಅರ್ಥ?

ಇನ್ನು ನಮ್ಮ ಕಡೆಯ ಮಾತು. 'ಕನ್ನಡ ಉಳಿಸಿ' ಎಂಬ ಸಂದೇಶವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತುಂಬಾ ಜನ ಇದ್ದಾರೆ. ಕನ್ನಡದ ಕೀಲಿಮಣೆಯನ್ನು ಸುಲಭ ಮಾಡಿಕೊಟ್ಟ ಕೆ. ಪಿ. ರಾವ್ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ನಮ್ಮ ಆಸುಪಾಸಿನವರೇ. 'ನುಡಿ' ತಂತ್ರಾಂಶ ಬಳಸುವ ವಿನ್ಯಾಸಕ್ಕೆ ಅಡಿಪಾಯ ಅವರದು. ಆ ಕಾಲದಲ್ಲಿ ಅವರು ಅಷ್ಟು ಕಷ್ಟಪಟ್ಟರು. ಈಗ ಫೋನಿನಲ್ಲಿ ಪುಕ್ಕಟೆ ಸಿಗುವ ಕೀಬೋರ್ಡನ್ನು ಆನ್ ಮಾಡಲಿಕ್ಕೆ ನಮಗೆ ಉದಾಸೀನ. ಕೇಳುವವರು ಯಾರೂ ಇಲ್ಲ ಎಂದು ನಾಳೆ ಕಂಪನಿಯವರು ಲೆಕ್ಕ ತೋರಿಸಿದರೆ ನಮ್ಮ ಹತ್ತಿರ ಉತ್ತರ ಇರಬೇಕು.

ಹಾಗಾದರೆ ಮಾಡಬೇಕಾದ್ದು ಏನು?

ಒಂದು, ಆನ್‌ಲೈನ್ ಅರ್ಜಿ ಕನ್ನಡ ತೆಗೆದುಕೊಳ್ಳದಿದ್ದರೆ ಆ ಪರದೆಯ ಚಿತ್ರ ತೆಗೆದಿಡಿ. ಅದೇ ಅರ್ಜಿಯನ್ನು ಕನ್ನಡದಲ್ಲಿ ಬರೆದು ಚಿತ್ರದ ಜೊತೆ ಕಚೇರಿಗೆ ಕೊಡಿ. ಸ್ವೀಕೃತಿ ಇಲ್ಲದೆ ವಾಪಸು ಬರಬೇಡಿ. ಅಕ್ಷಯ ಕೇಂದ್ರದಲ್ಲಿ ಕೂತ ಹುಡುಗರ ಮೇಲೆ ರೇಗಬೇಡಿ, ಅವರು ಬರೆದ ಸಾಫ್ಟ್‌ವೇರ್ ಅಲ್ಲ ಅದು.

ಎರಡು, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಳಬೇಕಾದ ಪ್ರಶ್ನೆ ಒಂದೇ: ಈ ಸಾಫ್ಟ್‌ವೇರಿನ ಟೆಂಡರಿನಲ್ಲಿ ಯಾವ್ಯಾವ ಭಾಷೆ ಬೇಕು ಎಂದು ಬರೆದಿದ್ದೀರಿ? ಟೆಂಡರಿನಲ್ಲಿ ಇಲ್ಲದ ಕನ್ನಡ ಪರದೆಯಲ್ಲಿ ಬರುವುದಿಲ್ಲ. ಬೇಲಿ ಹಾಕುವುದು ಅಲ್ಲಿ.

ಮೂರು, ಬ್ಯಾಂಕಿನಲ್ಲಿ, ಆ್ಯಪ್‌ಗಳಲ್ಲಿ ಕನ್ನಡ ಉಂಟಾ ಎಂದು ಹುಡುಕಿ, ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಕಡತ ಇರುವುದಿಲ್ಲ.

ನಾಲ್ಕು, ಮನೆಯ ಹಿರಿಯರ ಫೋನನ್ನು ಇವತ್ತೇ ಕನ್ನಡಕ್ಕೆ ಬದಲಾಯಿಸಿ ಕೊಡಿ. 1930 ಎಂಬ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಕಾಯ್ದೆಯಲ್ಲಿ ರಕ್ಷಣೆ ಉಂಟು ಎಂದು ತಿರುವನಂತಪುರ ಹೇಳುತ್ತದೆ. ಉಂಟಾದರೆ ಅದನ್ನು ಆ ಪಟ್ಟಿಯ ಮೂರನೆಯ ಸಾಲಿನಲ್ಲಿ ತೋರಿಸಲಿ. ತೋರಿಸುವ ತನಕ ನಾವು ಕೇಳುತ್ತಲೇ ಇರುವ. ಕನ್ನಡದಲ್ಲಿ ಅರ್ಜಿ ಕೊಟ್ಟವರು, ಹೆಸರು ವಿಳಾಸ ಮುಚ್ಚಿ, ಸ್ವೀಕೃತಿಯ ಫೋಟೋವನ್ನು ಈ ಪುಟಕ್ಕೆ ಕಳಿಸಿ. ಒಬ್ಬೊಬ್ಬರ ದೂರು ಒಂದೊಂದು ಕಚೇರಿಯಲ್ಲಿ ಧೂಳು ತಿನ್ನುವುದು ಬೇಡ, ಒಟ್ಟಿಗೆ ಇಟ್ಟುಕೊಂಡು ಒಟ್ಟಿಗೆ ಕೇಳುವ.