ಸದ್ದು ಹುಡುಕೋದು ಮಾಲಕನ ಕೆಲಸ

ಟ್ರ್ಯಾಕ್ಟರಿನ ಮುಂದಿನ ಭಾಗದಾಗ ಖಟ್ ಖಟ್ ಸದ್ದು ಬರಾಕ ಹತ್ತಿತು ಅಂದ್ರ ನಾವು ರೈತರು ಮಾಡೋದು ಎರಡೇ. ಸುಗ್ಗಿ ಮುಗೀಲಿ ಅಂತ ಹಾಂಗೇ ಓಡಿಸೋದು, ಇಲ್ಲಾ ಗ್ಯಾರೇಜಿಗೆ ಒಯ್ದು ‘ಏನಾಗೇದ ನೋಡಪಾ’ ಅಂತ ಬಿಟ್ಟು ಬರೋದು. ಎರಡೂ ತಪ್ಪು ಎಂದು ನನ್ನ ಅಭಿಪ್ರಾಯ. ರಿಪೇರಿ ಮಿಸ್ತ್ರಿಯ ಕೆಲಸ. ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಮಾಲಕನ ಕೆಲಸ.

ಯಾಕಂದರೆ ಸದ್ದು ಏಳುವುದು ನಮ್ಮ ಹೊಲದ ಒಡ್ಡು ದಾಟುವಾಗ, ಎರಿ ಮಣ್ಣಿನ ಹೆಂಟೆ ಮ್ಯಾಲೆ ಗಾಲಿ ಏರುವಾಗ. ಗ್ಯಾರೇಜಿನ ಸಪಾಟ ಜಾಗದಾಗ ಅದು ಕೇಳೋದಿಲ್ಲ. ಮಿಸ್ತ್ರಿ ಅಂದಾಜಿನ ಮೇಲೆ ಒಂದು ಸಾಮಾನು ಬದಲಿಸುತ್ತಾನೆ. ಸದ್ದು ಹೋಗದಿದ್ದರೆ ಇನ್ನೊಂದು. ರೊಕ್ಕ ಮಾತ್ರ ನಮ್ಮ ಕಿಸೆಯದು.

ನಮ್ಮೂರಿನ ಒಂದು ಹಳೆ ಟ್ರ್ಯಾಕ್ಟರಿಗೆ ಸ್ಟೇರಿಂಗ್ ಬಾಕ್ಸ್ ಬಿಚ್ಚಬೇಕು ಎಂದು ಗ್ಯಾರೇಜೊಂದರಲ್ಲಿ ಹೇಳಿದ್ದರು. ನಾವು ಮೂರು ಮಂದಿ ಕೂಡಿ ನೋಡಿದೆವು. ಸಾಲಿನ ಅಗಲಕ್ಕೆ ಮುಂದಿನ ಗಾಲಿ ಸರಿಸಿದ ಮೇಲೆ ಎಕ್ಸಲ್ಲಿನ ಬೋಲ್ಟ್ ಬಿಗಿಯಾಗಿ ಕೂತಿರಲಿಲ್ಲ. ಪಾನಾ ಹಾಕಿ ಬಿಗಿದ ಮೇಲೆ ಸದ್ದು ನಿಂತಿತು. ಒಂದು ರೂಪಾಯಿ ಖರ್ಚಿಲ್ಲ.

ಹುಡುಕಾಕ ಒಂದು ಕ್ರಮ ಬೇಕು. ಮೊದಲು ಟ್ರೇಲರ್ ಬಿಚ್ಚಿ ಅದೇ ದಾರಿಯಲ್ಲಿ ಖಾಲಿ ಓಡಿಸಿ. ಕಬ್ಬಿಣದಾಗ ಸದ್ದು ದೂರ ಹರಿಯುತ್ತದೆ, ಹಿಂದಿನ ಕೊಂಡಿಯ ಪಿನ್ ಸವೆದದ್ದೂ ಮುಂದಿನಿಂದ ಬಂದಂಗ ಕೇಳುತ್ತದೆ. ಖಾಲಿ ಓಡಿಸಿದರೂ ಸದ್ದು ಇದ್ದರೆ ಗಾಲಿಯ ನಟ್ಟು, ಎಕ್ಸಲ್ಲಿನ ಬೋಲ್ಟು, ಮುಂದಿನ ತೂಕದ ಕಲ್ಲು ಎಲ್ಲ ಬಿಗಿ ನೋಡಿ. ಆಮೇಲೆ ಇಂಜಿನ್ ಬಂದ್ ಮಾಡಿ, ಒಬ್ಬರು ಸ್ಟೇರಿಂಗ್ ಎಡಕ್ಕ ಬಲಕ್ಕ ಅಲ್ಲಾಡಿಸಲಿ, ಇನ್ನೊಬ್ಬರು ಟೈರಾಡಿನ ಒಂದೊಂದೇ ಕೀಲಿನ ಮೇಲೆ ಕೈ ಇಡಲಿ. ಸವೆದ ಕೀಲು ಕೈಗೆ ಬಡಿಯುತ್ತದೆ.

ಮುಂದೆ ಗಾಲಿ ಪರೀಕ್ಷೆ. ಹಿಂದಿನ ಗಾಲಿಗೆ ಅಡ್ಡ ಕೊಟ್ಟು, ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿ, ಎಕ್ಸಲ್ ಕೆಳಗೆ ಕಟ್ಟಿಗೆಯ ದಿಮ್ಮಿ ಇಡಿ. ಬರೇ ಜಾಕ್ ನಂಬಿ ಕೆಳಗೆ ಹೋಗಬ್ಯಾಡ್ರಿ. ಗಾಲಿಯ ತುದಿ ಬುಡ ಹಿಡಿದು ಅಲ್ಲಾಡಿಸಿ. ಹಬ್ ಮಾತ್ರ ಅಲುಗಿದರೆ ಬೇರಿಂಗ್. ಹಬ್ಬಿನ ಸಂಗಡ ಕಿಂಗ್ ಪಿನ್ನೂ ಅಲುಗಿದರೆ ಅದರ ಬುಶ್ ಹೋಗಿದೆ.

ಕೊನೆಗೆ ಸೆಂಟರ್ ಪಿನ್. ನೆಲ ಏರುಪೇರಿದ್ದರೂ ಎರಡೂ ಗಾಲಿ ನೆಲ ಹಿಡಿಯಲಿ ಅಂತ ಮುಂದಿನ ಎಕ್ಸಲ್ ಈ ಒಂದು ಪಿನ್ನಿನ ಮೇಲೆ ತೂಗುತ್ತದೆ. ಆ ತೂಗಾಟ ಸಹಜ, ಅದು ಸವೆತವಲ್ಲ. ಹಾರಿ ಹಾಕಿ ಮೀಟಿದಾಗ ಎಕ್ಸಲ್ ಇದ್ದಲ್ಲೇ ಮೇಲೆ ಕೆಳಗೆ ಜಿಗಿದರೆ ಬುಶ್ ಸವೆದಂತೆ. ಒಡ್ಡು ದಾಟುವಾಗ ಬರುವ ಖಟ್ ಸದ್ದಿಗೆ ಬಹಳ ಸಲ ಇದೇ ಮೂಲ.

ಇದೆಲ್ಲ ಕಲಿತವರ ಕೆಲಸ ಎನ್ನುವವರಿದ್ದಾರೆ. ನಾನು ಕಲಿತದ್ದು ಏಳನೇ ಇಯತ್ತೆ. ಇದಕ್ಕೆ ಬೇಕಾದದ್ದು ಒಂದು ತಾಸು ಮತ್ತು ಇಬ್ಬರು ಆಳು. ಅಲುಗುವ ಭಾಗ ಕಣ್ಣಿಗೆ ತೋರಿಸದೆ ಹೊಸ ಸಾಮಾನು ಹಾಕಿಸಬಾರದು. ಬಿಚ್ಚಿದ ಹಳೆಯದನ್ನು ಕೇಳಿ ಪಡೆಯಬೇಕು. ಪ್ರಾಮಾಣಿಕ ಮಿಸ್ತ್ರಿಗೆ ಇದರಿಂದ ಬ್ಯಾಸರ ಆಗೋದಿಲ್ಲ, ಅವನ ಅರ್ಧ ಕೆಲಸ ಮುಗಿದಿರುತ್ತದೆ.

ರೊಕ್ಕದ ಮಾತು ಬಿಡಿ. ಭೀಮಾ ದಂಡೆಯ ಕಬ್ಬು ಹೇರಿಕೊಂಡು ನಮ್ಮ ಟ್ರ್ಯಾಕ್ಟರುಗಳು ಸೊಲ್ಲಾಪುರ–ವಿಜಯಪುರ ಹೆದ್ದಾರಿ ಹತ್ತುತ್ತವೆ. ಖಾಲಿ ಬರುವಾಗ ಟ್ರೇಲರಿನಾಗ ಕೂಲಿ ಹೆಣ್ಣುಮಕ್ಕಳು ಕೂತಿರುತ್ತಾರೆ. ಟೈರಾಡಿನ ಕೀಲು ಕಳಚಿದರೆ ಸ್ಟೇರಿಂಗ್ ತಿರುಗಿಸಿದರೂ ಗಾಲಿ ಕೇಳೋದಿಲ್ಲ. ಅಂಥಾ ಕೀಲು ಕಳಚುವ ಮೊದಲು ಬಹಳ ದಿನ ಸದ್ದು ಮಾಡಿರುತ್ತದೆ.

ಚಕ್ಕಡಿ ಇದ್ದಾಗ ಕಡೆಗೀಲು ನೋಡಿ, ಕೀಲೆಣ್ಣಿ ಹಾಕಿಯೇ ಎತ್ತು ಹೂಡುತ್ತಿದ್ದೆವು. ಟ್ರ್ಯಾಕ್ಟರಿಗೆ ಆ ರೂಢಿ ಬಿಟ್ಟೆವು. ರಾಡಿಯೊಳಗೆ ದುಡಿದ ದಿನ ಅಂದೇ ಸಂಜೆ ಗ್ರೀಸ್ ಹೊಡೆಯಬೇಕು, ಹಳೆ ಮಣ್ಣು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ.

ಬೀಜ ಗೊಬ್ಬರದ ಅನುಭವ ಬರೆದಂತೆ ಯಂತ್ರದ ಅನುಭವವನ್ನೂ ರೈತರು ಈ ಪತ್ರಿಕೆಗೆ ಬರೆಯಬೇಕು. ಯಾವ ಸದ್ದು, ಎಲ್ಲಿ ಸಿಕ್ಕಿತು, ಎಷ್ಟು ಖರ್ಚಾಯಿತು ಅಷ್ಟು ಬರೆದರೂ ಸಾಕು.